ಮೇಷ್ಟ್ರು ಯಾರಿಗೆ ಉತ್ತರ ಕೊಡಬೇಕು?

ಏಳನೇ ತರಗತಿಯ ಒಂದು ಗಣಿತದ ಉತ್ತರಪತ್ರಿಕೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 1/2 ಮತ್ತು 1/3 ಕೂಡಿಸಿದರೆ ಎಷ್ಟು ಎಂಬ ಪ್ರಶ್ನೆಗೆ ಹುಡುಗಿ 2/5 ಎಂದು ಬರೆದಿದ್ದಾಳೆ. ಮೇಲಿನ ಎರಡು ಅಂಕಿ ಕೂಡಿಸಿ ಮೇಲೆ ಇಟ್ಟಿದ್ದಾಳೆ, ಕೆಳಗಿನ ಎರಡು ಕೂಡಿಸಿ ಕೆಳಗೆ ಇಟ್ಟಿದ್ದಾಳೆ. ಮುಂದಿನ ನಾಲ್ಕು ಲೆಕ್ಕಗಳಲ್ಲೂ ಹಾಗೆಯೇ. ಟೀಚರ್ ಐದಕ್ಕೂ ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ಉಳಿದವನ್ನು ಕೂಡಿಸಿ, 20ಕ್ಕೆ 9 ಎಂದು ಬರೆಯುತ್ತಾರೆ. ಆ 9 ರಿಜಿಸ್ಟರಿಗೆ ಹೋಗುತ್ತದೆ, ರಿಜಿಸ್ಟರಿನಿಂದ ಕಂಪ್ಯೂಟರಿಗೆ ಹೋಗುತ್ತದೆ, ಕೊನೆಗೆ ಒಂದು ಗ್ರೇಡಾಗಿ ಮನೆಗೆ ಬರುತ್ತದೆ.

ಹುಡುಗಿ ಒಂದೇ ತಪ್ಪನ್ನು ಐದು ಸಲ ಮಾಡಿದ್ದಾಳೆ. 2/5 ಎಂದರೆ ಅರ್ಧಕ್ಕಿಂತ ಕಡಿಮೆ. ‘ಅರ್ಧ ರೊಟ್ಟಿಗೆ ಇನ್ನೊಂದು ಚೂರು ರೊಟ್ಟಿ ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದೇನಮ್ಮಾ?’ ಎಂದು ಯಾರಾದರೂ ಪಕ್ಕದಲ್ಲಿ ಕೂತು ಕೇಳಿದರೆ ಅವಳಿಗೇ ನಗು ಬರಬಹುದು. ಹತ್ತು ನಿಮಿಷದ ಕೆಲಸ. ಆದರೆ ಆ ಹತ್ತು ನಿಮಿಷಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ, ವೇಳಾಪಟ್ಟಿಯಲ್ಲಿ ಪೀರಿಯಡ್ ಇಲ್ಲ. 9 ಎಂಬ ಅಂಕಿಗೆ ಮಾತ್ರ ಎರಡೂ ಇವೆ.

ಕಳೆದ ಹದಿನೈದು ವರ್ಷಗಳಲ್ಲಿ 6ರಿಂದ 8ನೇ ತರಗತಿಯ ಶಿಕ್ಷಕರ ಮುಂದೆ ಮೌಲ್ಯಮಾಪನದ ಎಷ್ಟು ಹೊಸ ಪದ್ಧತಿಗಳು ಬಂದುಹೋದವು! ಅಂಕ ಹೋಗಿ ಗ್ರೇಡ್ ಬಂತು, ಫೇಲ್ ಹೋಗಿ ಪಾಸ್ ಬಂತು, ಈಗ ಪಾಸ್ ಹೋಗಿ ಮತ್ತೆ ಫೇಲ್ ಬರುತ್ತಿದೆ. ಇವೆಲ್ಲ ಆ ಹತ್ತು ನಿಮಿಷದ ಸುತ್ತ ಓಡಾಡಿವೆ, ಒಳಗೆ ಹೋಗಿಲ್ಲ. ಶಿಕ್ಷಕರು ಹೊಸದನ್ನು ಒಪ್ಪುವುದಿಲ್ಲ, ಸೋಮಾರಿಗಳು ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ಆ ಮಾತನ್ನು ಒಪ್ಪುವ ಮೊದಲು ಶಿಕ್ಷಕರನ್ನು ಇಷ್ಟು ದಿನ ಏನು ಕೇಳಲಾಯಿತು ಎಂದು ನೋಡಬೇಕು.

ಒಂದು ಪದ, ಐದು ಭಾಷೆ

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 29ನೇ ಸೆಕ್ಷನ್ ಮಕ್ಕಳ ತಿಳಿವಳಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕು ಎಂದಿತು. ಅದೇ ಹೊತ್ತಿಗೆ ಸಿಬಿಎಸ್‌ಇ ಕೂಡ ಸಿಸಿಇ ಎಂಬ ಮೂರಕ್ಷರದ ಪದ್ಧತಿಯನ್ನು ತಂದಿತ್ತು. ವರ್ಷಕ್ಕೆ ನಾಲ್ಕು ಫಾರ್ಮೇಟಿವ್, ತಲಾ ಶೇಕಡಾ 10. ಎರಡು ಸಮ್ಮೇಟಿವ್, ತಲಾ ಶೇಕಡಾ 30. ಎ1ರಿಂದ ಇ2ರವರೆಗೆ ಗ್ರೇಡು.

ಈ ಎರಡು ಇಂಗ್ಲಿಷ್ ಪದಗಳನ್ನು ರಾಜ್ಯಗಳು ತಮ್ಮ ತಮ್ಮ ಭಾಷೆಗೆ ತಂದುಕೊಂಡ ರೀತಿ ನೋಡುವಂತಿದೆ. ಕರ್ನಾಟಕದಲ್ಲಿ ‘ರೂಪಣಾತ್ಮಕ’ ಮತ್ತು ‘ಸಂಕಲನಾತ್ಮಕ’ ಎಂದಾಯಿತು. ಮಹಾರಾಷ್ಟ್ರದಲ್ಲಿ ‘ಆಕಾರಿಕ’ ಮತ್ತು ‘ಸಂಕಲಿತ’. ತೆಲುಗಿನಲ್ಲಿ ‘ನಿರ್ಮಾಣಾತ್ಮಕ’ ಮತ್ತು ‘ಸಂಗ್ರಹಣಾತ್ಮಕ’. ಹಿಂದಿಯಲ್ಲಿ ‘ರಚನಾತ್ಮಕ್’ ಮತ್ತು ‘ಯೋಗಾತ್ಮಕ್’. ನಾಲ್ಕೂ ಕಡೆ ಸಂಸ್ಕೃತದ ಅಚ್ಚು, ನಾಲ್ಕೂ ಕಡೆ ಇಂಗ್ಲಿಷಿನ ‘ಫಾರ್ಮ್’ ಎಂಬ ಧಾತುವಿನ ನೆರಳು. ತಮಿಳು ಮಾತ್ರ ಬೇರೆ ದಾರಿ ಹಿಡಿದು ‘ವಳರರಿ’ ಮತ್ತು ‘ತೊಗುತ್ತರಿ’ ಎಂದಿತು. ವಳರ್ ಎಂದರೆ ಬೆಳೆ, ಅರಿ ಎಂದರೆ ನಮ್ಮದೇ ಅರಿ. ಬೆಳವಣಿಗೆಯನ್ನು ಅರಿಯುವುದು ಒಂದು, ಒಟ್ಟುಗೂಡಿಸಿ ಅರಿಯುವುದು ಇನ್ನೊಂದು. ಚೆನ್ನೈನಲ್ಲಿರುವ ಕನ್ನಡದ ತಂದೆತಾಯಿಗೆ ‘ರೂಪಣಾತ್ಮಕ’ಕ್ಕಿಂತ ‘ವಳರರಿ’ಯೇ ಬೇಗ ಅರ್ಥವಾದರೆ ಆಶ್ಚರ್ಯವಿಲ್ಲ.

ಪದ ಅರ್ಥವಾಗುವುದು ಇಲ್ಲಿ ಸಣ್ಣ ವಿಷಯವಲ್ಲ. ಫಾರ್ಮೇಟಿವ್, ಸಮ್ಮೇಟಿವ್ ಜೋಡಿಯನ್ನು 1967ರಲ್ಲಿ ಮೈಕಲ್ ಸ್ಕ್ರಿವೆನ್ ಪಠ್ಯಕ್ರಮಗಳನ್ನು ಪರೀಕ್ಷಿಸುವ ಸಂದರ್ಭದಲ್ಲಿ ಬಳಕೆಗೆ ತಂದರು. ಬೆಂಜಮಿನ್ ಬ್ಲೂಮ್ ಅದನ್ನು ಮಕ್ಕಳ ಕಲಿಕೆಗೆ ಹೊಂದಿಸಿದರು. ವ್ಯತ್ಯಾಸ ತಿಳಿಯಲು ಟೈಲರ್ ಅಂಗಡಿಗೆ ಹೋದರೆ ಸಾಕು. ಹೊಲಿಗೆಯ ನಡುವೆ ಒಮ್ಮೆ ತೊಡಿಸಿ, ತೋಳು ಬಿಗಿಯೇ ಎಂದು ನೋಡಿ, ಬಿಚ್ಚಿ ಸರಿಪಡಿಸುವುದು ಮೊದಲನೆಯದು. ಬಟ್ಟೆ ಮುಗಿದ ಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದು ಎರಡನೆಯದು. ನಡುವಿನ ನೋಟಕ್ಕೆ ಅಂಕ ಕೊಡುವ ಟೈಲರ್ ಇಲ್ಲ. ಸಿಸಿಇ ಅದನ್ನೇ ಮಾಡಿತು. ಫಾರ್ಮೇಟಿವ್‌ಗೂ ಶೇಕಡಾವಾರು ಕಟ್ಟಿ ಕೊನೆಯ ಮೊತ್ತಕ್ಕೆ ಸೇರಿಸಿತು. ಸೇರಿಸಿದ ಗಳಿಗೆಯಲ್ಲೇ ಅದು ಇನ್ನೊಂದು ಸಣ್ಣ ಪರೀಕ್ಷೆಯಾಯಿತು. ವರ್ಷಕ್ಕೆರಡು ಪರೀಕ್ಷೆ ಇದ್ದ ಕಡೆ ಆರಾದವು. ಪ್ರಾಜೆಕ್ಟ್‌ಗೆ ಅಂಕ ಎಂದಾದ ಕೂಡಲೇ ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಚಾರ್ಟುಗಳು ನೇತಾಡಿದವು, ರಾತ್ರಿ ಹತ್ತಕ್ಕೆ ಅಮ್ಮಂದಿರು ಥರ್ಮೊಕೋಲ್ ಕತ್ತರಿಸತೊಡಗಿದರು.

ಇಸ್ರೇಲಿನಲ್ಲಿ 5 ಮತ್ತು 6ನೇ ತರಗತಿಯ ಮಕ್ಕಳೊಂದಿಗೆ ರುತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮೊದಲೇ ತೋರಿಸಿತ್ತು. ಕೆಲವು ಮಕ್ಕಳಿಗೆ ಅವರ ಕೆಲಸದ ಬಗ್ಗೆ ಟಿಪ್ಪಣಿ ಮಾತ್ರ ಕೊಟ್ಟರು, ಕೆಲವರಿಗೆ ಅಂಕ ಮಾತ್ರ, ಉಳಿದವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದ ಮಕ್ಕಳು. ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಟಿಪ್ಪಣಿಯ ಲಾಭ ಉಳಿಯಲಿಲ್ಲ. ಮನೆಯಲ್ಲಿ ಮಕ್ಕಳಿರುವವರಿಗೆ ಇದಕ್ಕೆ ಸಾಕ್ಷಿ ಬೇಕಿಲ್ಲ. ಉತ್ತರಪತ್ರಿಕೆ ಕೈಗೆ ಬಂದಾಗ ಮಗು ಮೊದಲು ನೋಡುವುದು ಬಲಮೂಲೆಯ ಅಂಕಿಯನ್ನು, ಆಮೇಲೆ ಪಕ್ಕದ ಹುಡುಗನ ಬಲಮೂಲೆಯನ್ನು.

ಹರಿಯಾಣದ ಶಾಲೆಗಳು ಹೇಳಿದ್ದು

ಸಿಸಿಇ ಫಲ ಕೊಟ್ಟಿತೇ ಎಂಬುದನ್ನು ಊಹೆಗೆ ಬಿಡಬೇಕಿಲ್ಲ. ಹರಿಯಾಣದ ಸುಮಾರು 500 ಸರ್ಕಾರಿ ಶಾಲೆಗಳಲ್ಲಿ ಜೇಮ್ಸ್ ಬೆರಿ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ಅವುಗಳಲ್ಲಿ ಸುಮಾರು 100 ಹಿರಿಯ ಪ್ರಾಥಮಿಕ ಶಾಲೆಗಳು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಶಾಲೆಗಳಲ್ಲಿ ಶಿಕ್ಷಕರಿಗೆ ಸಿಸಿಇ ತರಬೇತಿ ಕೊಟ್ಟು, ಕೈಪಿಡಿ ಕೊಟ್ಟು, ಮಕ್ಕಳ ಪ್ರಗತಿಯನ್ನು ಆಗಾಗ ದಾಖಲಿಸಲು ಹೇಳಲಾಯಿತು. ವರ್ಷದ ಕೊನೆಗೆ ಮಕ್ಕಳ ಕಲಿಕೆಯಲ್ಲಿ, ಕಿರಿಯ ಪ್ರಾಥಮಿಕದಲ್ಲಾಗಲಿ ಹಿರಿಯ ಪ್ರಾಥಮಿಕದಲ್ಲಾಗಲಿ, ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಪ್ರಯೋಗವೂ ಇತ್ತು. ಕೆಲವು ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ದಿನದ ಸ್ವಲ್ಪ ಹೊತ್ತು ಮಕ್ಕಳನ್ನು ತರಗತಿ ಬಿಟ್ಟು ಅವರ ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಲಾಯಿತು. ಅಲ್ಲಿ ಗಣಿತ ಹೆಚ್ಚು ಬದಲಾಗದಿದ್ದರೂ ಹಿಂದಿ ಓದು ಸುಧಾರಿಸಿತು. ಎರಡಕ್ಕೂ ನಡುವಿನ ವ್ಯತ್ಯಾಸ ಸರಳವಾದದ್ದು. ಒಂದರಲ್ಲಿ ಅಳೆದ ಮೇಲೆ ಏನು ಮಾಡಬೇಕು ಎಂಬುದು ಶಿಕ್ಷಕರ ತಲೆಗೆ ಬಿಟ್ಟ ವಿಷಯವಾಗಿತ್ತು. ಇನ್ನೊಂದರಲ್ಲಿ ಅಳತೆಯ ಬೆನ್ನಿಗೇ ಕೆಲಸ ಇತ್ತು, ಆ ಕೆಲಸಕ್ಕೆ ಗಂಟೆ ಗೊತ್ತುಮಾಡಿತ್ತು.

ಕಾಯ್ದೆಯ ಆಶಯವೂ ಇದೇ. ಅದರ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ ಪ್ರತಿ ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆಯುವುದನ್ನೂ ಬೇಕಾದ ಹೆಚ್ಚುವರಿ ಪಾಠವನ್ನು ಕೊಡುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಸುತ್ತೋಲೆಗಳು ಆ ವಾಕ್ಯವನ್ನು ನಡುವೆ ಕತ್ತರಿಸಿದವು. ಮೊದಲರ್ಧಕ್ಕೆ ನಮೂನೆ ಬಂತು, ದ್ವಿತೀಯಾರ್ಧಕ್ಕೆ ಏನೂ ಬರಲಿಲ್ಲ.

ಹಳೆಯ ಲೆಕ್ಕ

ಶಿಕ್ಷಕರಿಂದ ಲೆಕ್ಕ ಕೇಳುವ ಚಟ ಹೊಸದಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ತಂದ ನಿಯಮದಂತೆ ಶಾಲೆಯ ಅನುದಾನವು ಮಕ್ಕಳ ಹಾಜರಿ ಮತ್ತು ಓದು, ಬರಹ, ಲೆಕ್ಕದ ಪರೀಕ್ಷೆಯ ಫಲಿತಾಂಶದ ಮೇಲೆ ನಿಂತಿತು. ಇನ್ಸ್‌ಪೆಕ್ಟರ್ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದ. ಕವಿ ಮ್ಯಾಥ್ಯೂ ಆರ್ನಲ್ಡ್ ಸ್ವತಃ ಅಂಥ ಇನ್ಸ್‌ಪೆಕ್ಟರ್ ಆಗಿದ್ದು, ಇದು ಪಾಠವನ್ನು ಯಾಂತ್ರಿಕವಾಗಿಸುತ್ತದೆ ಎಂದು ವರ್ಷಗಟ್ಟಲೆ ವರದಿ ಬರೆದರು. ಫಲಿತಾಂಶಕ್ಕೆ ತಕ್ಕ ಅನುದಾನ ಎಂಬ ಇದೇ ಪದ್ಧತಿ ಹತ್ತೊಂಬತ್ತನೇ ಶತಮಾನದ ಮುಂಬೈ ಮತ್ತು ಮದ್ರಾಸ್ ಪ್ರಾಂತ್ಯಗಳಿಗೂ ಬಂತು. ಧಾರವಾಡ, ಬೆಳಗಾವಿ ಆಗ ಒಂದರಲ್ಲಿದ್ದವು, ಮಂಗಳೂರು, ಬಳ್ಳಾರಿ ಇನ್ನೊಂದರಲ್ಲಿ. ಇಂಗ್ಲೆಂಡಿನಲ್ಲಿ ಆ ಪದ್ಧತಿ ಶತಮಾನದ ಕೊನೆಗೆ ಕೈಬಿಟ್ಟುಹೋಯಿತು. ಇನ್ಸ್‌ಪೆಕ್ಟರ್ ಬರುವ ದಿನ ಶಾಲೆಗೆ ಸುಣ್ಣಬಣ್ಣ ಮಾಡಿ, ಬುದ್ಧಿವಂತ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಅಭ್ಯಾಸ ಮಾತ್ರ ನಮ್ಮಲ್ಲಿ ಉಳಿದುಕೊಂಡಿದೆ.

ಇಂಗ್ಲಿಷಿನ ‘ಅಕೌಂಟಬಿಲಿಟಿ’ಯ ಹೊಟ್ಟೆಯಲ್ಲಿ ಇರುವುದು ಲೆಕ್ಕ. ನಮ್ಮ ಭಾಷೆಗಳು ಅದನ್ನು ಬೇರೆ ಕಡೆಯಿಂದ ಹಿಡಿದಿವೆ. ಕನ್ನಡದಲ್ಲಿ ಅದು ಉತ್ತರದಾಯಿತ್ವ, ಹಿಂದಿಯಲ್ಲಿ ಜವಾಬ್‌ದೇಹಿ. ನಾವು ದಿನಕ್ಕೆ ಹತ್ತು ಸಲ ಆಡುವ ‘ಜವಾಬ್ದಾರಿ’ಯಲ್ಲೂ ಇರುವುದು ಜವಾಬು. ಅಂದರೆ ಉತ್ತರ ಕೊಡುವುದು. ಉತ್ತರ ಇರಬೇಕಾದರೆ ಮೊದಲು ಪ್ರಶ್ನೆ ಇರಬೇಕು, ಪ್ರಶ್ನೆ ಕೇಳುವವರು ಇರಬೇಕು. ಶಿಕ್ಷಕರ ಉತ್ತರದಾಯಿತ್ವದ ಬಗ್ಗೆ ಮಾತಾಡುವವರು ಅವರಿಗೆ ಕೇಳುವ ಪ್ರಶ್ನೆಯ ಬಗ್ಗೆ ಮಾತಾಡುವುದು ಕಡಿಮೆ.

ಶಿಕ್ಷಕರ ತಿಂಗಳ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಯಾವುದು? ‘ಎಂಟ್ರಿ ಮುಗೀತಾ ಮೇಡಂ?’ ಎಷ್ಟು ಮಕ್ಕಳ ಅಂಕ ಏರಿಸಿದ್ದೀರಿ, ಎಷ್ಟು ಬಾಕಿ, ನಾಳೆ ಸಂಜೆಯೊಳಗೆ ಕಳಿಸಿ. ಈ ಪ್ರಶ್ನೆಗೆ ಶಿಕ್ಷಕರು ಕೊಡುವ ಉತ್ತರ ಸದಾ ನೂರಕ್ಕೆ ನೂರು. ಎಂಟ್ರಿ ಮುಗಿದೇ ಮುಗಿಯುತ್ತದೆ. ‘ನಿಮ್ಮ ಏಳನೇ ತರಗತಿಯಲ್ಲಿ ಭಿನ್ನರಾಶಿಯ ಹತ್ತಿರ ಸಿಕ್ಕಿಕೊಂಡಿರುವ ಮಕ್ಕಳು ಯಾರು, ಎಲ್ಲಿ ಸಿಕ್ಕಿಕೊಂಡಿದ್ದಾರೆ?’ ಎಂದು ಯಾರೂ ಕೇಳದಿದ್ದರೆ ಅದಕ್ಕೆ ಉತ್ತರ ಸಿದ್ಧಮಾಡಿಕೊಳ್ಳುವ ಶಿಕ್ಷಕಿ ತನ್ನ ಆತ್ಮಸಾಕ್ಷಿಗೆ ಮಾತ್ರ ಅದನ್ನು ಮಾಡುತ್ತಾಳೆ. ಅಂಥವರು ಇದ್ದಾರೆ. ಆದರೆ ಆತ್ಮಸಾಕ್ಷಿಯ ಮೇಲೆ ಮಾತ್ರ ಒಂದು ವ್ಯವಸ್ಥೆ ನಡೆಯಲಾರದು.

ಗಂಟೆಗಳ ಲೆಕ್ಕ

ಲೆಕ್ಕವೇ ಬೇಕೆನ್ನುವವರು ಈ ಲೆಕ್ಕವನ್ನೂ ಮಾಡಬೇಕು. ಒಬ್ಬ ಗಣಿತ ಶಿಕ್ಷಕಿಗೆ 6ರಿಂದ 8ರವರೆಗೆ 5 ವಿಭಾಗ, ತಲಾ 40 ಮಕ್ಕಳು ಎಂದುಕೊಳ್ಳಿ. 200 ಮಕ್ಕಳಾದರು. ಒಂದು ರೂಪಣಾತ್ಮಕ ಮೌಲ್ಯಮಾಪನದಲ್ಲಿ ಒಬ್ಬೊಬ್ಬರ ಕೆಲಸವನ್ನು 5 ನಿಮಿಷ ನಿಜವಾಗಿ ನೋಡಿದರೆ 1,000 ನಿಮಿಷ, ಹತ್ತಿರಹತ್ತಿರ 17 ಗಂಟೆ. ವರ್ಷಕ್ಕೆ ನಾಲ್ಕು ಸಲ ಎಂದರೆ 67 ಗಂಟೆ. ಸಂಕಲನಾತ್ಮಕ ಪರೀಕ್ಷೆಯ ಪತ್ರಿಕೆಗೆ 15 ನಿಮಿಷ ಹಿಡಿದರೆ ಒಂದೊಂದು ಸಲಕ್ಕೆ 50 ಗಂಟೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪೂರ್ವತಯಾರಿಯನ್ನೂ ಸೇರಿಸಿ ವಾರಕ್ಕೆ ಕನಿಷ್ಠ 45 ಗಂಟೆ ಎನ್ನುತ್ತದೆ. ಪಾಠ ಕಳೆದು, ಬಿಸಿಯೂಟದ ಲೆಕ್ಕ ಕಳೆದು, ವಿದ್ಯಾರ್ಥಿವೇತನದ ಅರ್ಜಿ ಕಳೆದು ಈ 17 ಗಂಟೆ ಯಾವ ವಾರದಲ್ಲಿ ಕೂರುತ್ತದೆ?

ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ಅಲೆದರು. ಅದು ಮುಗಿಯಲೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆ ದಿನಗಳ ಪಾಠಕ್ಕೆ ಯಾರು ಉತ್ತರ ಕೊಡಬೇಕು ಎಂಬ ಪ್ರಶ್ನೆ ಮಾತ್ರ ಕೊನೆಗೆ ಬಂದು ನಿಲ್ಲುವುದು ಆ ಗಣಿತ ಶಿಕ್ಷಕಿಯ ಮೇಜಿನ ಮೇಲೆಯೇ.

ಇನ್ನೊಂದು ಬದಿಯ ಮಾತು

ಇಷ್ಟು ಕೇಳಿದ ಮೇಲೆ ಒಂದು ಆಕ್ಷೇಪಕ್ಕೆ ಕಿವಿಗೊಡಲೇಬೇಕು. ಶಿಕ್ಷಕರಿಗೆ ಕಷ್ಟವಿದೆ ಸರಿ, ಮಕ್ಕಳ ಗತಿಯೇನು? ಅಸರ್ 2024ರ ವರದಿಯಂತೆ ಗ್ರಾಮೀಣ ಭಾರತದ 8ನೇ ತರಗತಿಯಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲ ಮಕ್ಕಳು ಅರ್ಧಕ್ಕಿಂತ ಕಡಿಮೆ. ಎಂಟು ವರ್ಷ ಶಾಲೆಗೆ ಬಂದ ಮಗುವಿಗೆ ಭಾಗಾಕಾರ ಬರುವುದಿಲ್ಲ ಎಂದರೆ ಯಾರಾದರೂ ಉತ್ತರ ಕೊಡಲೇಬೇಕು. ಅದೂ ತನ್ನ ಮಗುವನ್ನು ಬೇರೆ ಶಾಲೆಗೆ ಸೇರಿಸಲು ದುಡ್ಡಿಲ್ಲದ ತಾಯಿಗೆ. ಗ್ರೇಡು ಬೇಡ, ಪರೀಕ್ಷೆ ಬೇಡ, ಒತ್ತಡ ಬೇಡ ಎಂದು ಹೇಳುವುದು ಅನುಕೂಲಸ್ಥರಿಗೆ ಸುಲಭ. ಅವರ ಮಕ್ಕಳಿಗೆ ಟ್ಯೂಷನ್ ಇದೆ.

ಈ ಆಕ್ಷೇಪದಲ್ಲಿ ಸತ್ಯವಿದೆ, ಮತ್ತು ಅದೇ ಸತ್ಯದ ಬಲದಿಂದ ಪರೀಕ್ಷೆಗಳು ಮರಳಿ ಬಂದಿವೆ. ಸಿಬಿಎಸ್‌ಇ 2017ರಲ್ಲಿ ಸಿಸಿಇ ಕೈಬಿಟ್ಟಿತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ವರ್ಷಾಂತ್ಯದ ಪರೀಕ್ಷೆ ನಡೆಸಲು, ಬೇಕಿದ್ದರೆ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ದಾರಿ ಮಾಡಿತು. ಮಹಾರಾಷ್ಟ್ರ 2023ರಲ್ಲಿ ಆ ದಾರಿ ಹಿಡಿಯಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನ ಶಾಲೆಗಳಿಗೆ ನಿಯಮ ಹೊರಡಿಸಿತು. ತಮಿಳುನಾಡು ತಾನು ಹಾಗೆ ಮಾಡುವುದಿಲ್ಲ ಎಂದಿತು. ಕರ್ನಾಟಕದಲ್ಲಿ 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆ 2024ರ ಮಾರ್ಚಿನಲ್ಲಿ ಶುರುವಾಗಿ, ನ್ಯಾಯಾಲಯದ ಆದೇಶದಿಂದ ನಡುವೆ ನಿಂತು, ಮತ್ತೆ ಮುಂದುವರಿದು, ಏಪ್ರಿಲಿನಲ್ಲಿ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹತ್ತು ವರ್ಷದ ಮಗು ನಾಳೆ ಪರೀಕ್ಷೆ ಇದೆಯೇ ಇಲ್ಲವೇ ಎಂದು ಟಿವಿ ನೋಡಿ ತಿಳಿಯುವ ಸ್ಥಿತಿ ಬಂದಿತ್ತು.

ಆದರೆ ಪರೀಕ್ಷೆ ಮರಳಿ ತಂದ ಮಾತ್ರಕ್ಕೆ ಭಾಗಾಕಾರ ಬರುವುದಿಲ್ಲ. ತಿದ್ದುಪಡಿಯ ಪ್ರಕಾರ ಫೇಲಾದ ಮಗುವಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಮರುಪರೀಕ್ಷೆ ಮಾಡಬೇಕು. ಎಂಟು ವರ್ಷದಲ್ಲಿ ಕೂಡಿಟ್ಟ ಕೊರತೆಯನ್ನು ಬೇಸಿಗೆ ರಜೆಯ ಎರಡು ತಿಂಗಳಲ್ಲಿ ತೀರಿಸಲು ಅದು ಬ್ಯಾಂಕಿನ ಬಾಕಿಯೇ? ಅಳತೆಯ ಬೆನ್ನಿಗೆ ಪಾಠ ಇರಬೇಕು ಎಂದು ಹರಿಯಾಣದ ಶಾಲೆಗಳು ಹೇಳಿದ್ದನ್ನು ಈ ನಿಯಮ ಅರ್ಧ ಮಾತ್ರ ಕೇಳಿಸಿಕೊಂಡಿದೆ. ಪಾಠವನ್ನು ಸೇರಿಸಿದೆ, ಆದರೆ ಬಸ್ಸು ಹೊರಟ ಮೇಲೆ.

ಹೆಡ್‌ಮಾಸ್ಟರ್ ಎಲ್ಲಿಂದ ಶುರುಮಾಡಬೇಕು

ದೆಹಲಿ, ಬೆಂಗಳೂರಿನ ಆದೇಶಕ್ಕೂ ಏಳನೇ ತರಗತಿಯ ಹುಡುಗಿಗೂ ನಡುವೆ ಒಬ್ಬರು ನಿಂತಿರುತ್ತಾರೆ. ಮುಖ್ಯ ಶಿಕ್ಷಕರು. ಮೇಲಿನಿಂದ ಬಂದ ಪ್ರಶ್ನೆಯನ್ನು ಹಾಗೆಯೇ ಕೆಳಗೆ ದಾಟಿಸುವುದು ಅಥವಾ ಅದನ್ನು ತಡೆದು ಬೇರೆ ಪ್ರಶ್ನೆ ಕೇಳುವುದು ಅವರ ಕೈಯಲ್ಲಿದೆ. ಯಾವ ಹೊಸ ಪದ್ಧತಿ ಬಂದರೂ ಅದು ಬದುಕುವುದು, ಸಾಯುವುದು ಸ್ಟಾಫ್ ರೂಮಿನಲ್ಲೇ. ದೊಡ್ಡ ತರಬೇತಿಗೆ ಕಾಯದೆ, ಹೆಚ್ಚು ಖರ್ಚಿಲ್ಲದೆ ಅವರು ಮಾಡಬಹುದಾದ ಕೆಲವು ಕೆಲಸಗಳಿವೆ.

ಮೊದಲನೆಯದು, ಒಂದೇ ಉತ್ತರಪತ್ರಿಕೆಯನ್ನು ಎಲ್ಲರೂ ತಿದ್ದುವುದು. ಹೆಸರು ಮುಚ್ಚಿದ ಐದು ಪತ್ರಿಕೆಗಳ ಜೆರಾಕ್ಸ್ ತೆಗೆಸಿ, 6ರಿಂದ 8ಕ್ಕೆ ಅದೇ ವಿಷಯ ಕಲಿಸುವವರೆಲ್ಲ ಬೇರೆಬೇರೆಯಾಗಿ ಅಂಕ ಕೊಟ್ಟು, ಆಮೇಲೆ ಮೇಜಿನ ಮೇಲೆ ಹರಡುವುದು. ಒಬ್ಬರು 6 ಕೊಟ್ಟ ಪ್ರಬಂಧಕ್ಕೆ ಇನ್ನೊಬ್ಬರು 9 ಕೊಟ್ಟಿರುತ್ತಾರೆ. ‘ಅಕ್ಷರ ದುಂಡಗಿದೆ, ಅದಕ್ಕೇ ಕೊಟ್ಟೆ’ ಎಂದು ಒಬ್ಬರು, ‘ವಿಚಾರವೇ ಇಲ್ವಲ್ಲ ಸರ್’ ಎಂದು ಇನ್ನೊಬ್ಬರು. ಮುಕ್ಕಾಲು ಗಂಟೆಯ ಈ ಜಗಳ ಐದು ದಿನದ ತರಬೇತಿಗಿಂತ ಹೆಚ್ಚು ಕಲಿಸುತ್ತದೆ, ಏಕೆಂದರೆ ಗ್ರೇಡು ಅಂದರೆ ಏನು ಎಂಬುದನ್ನು ಅಲ್ಲಿ ಶಿಕ್ಷಕರೇ ತೀರ್ಮಾನಿಸುತ್ತಾರೆ.

ಎರಡನೆಯದು, ಒಂದು ರಿಜಿಸ್ಟರ್ ಬಂದರೆ ಒಂದು ರಿಜಿಸ್ಟರ್ ಹೋಗಬೇಕು. ಹೊಸದನ್ನು ಹೇರುವ ಸಭೆಯಲ್ಲೇ ಯಾವ ಹಳೆಯದನ್ನು ಬಿಡುತ್ತೇವೆ ಎಂದು ಹೇಳದಿದ್ದರೆ ಶಿಕ್ಷಕರು ಅದನ್ನು ತಮಗೆ ತಿಳಿದ ರೀತಿಯಲ್ಲಿ ಬಿಡುತ್ತಾರೆ. ಮಾರ್ಚ್ ತಿಂಗಳಲ್ಲಿ ಒಂದೇ ಪೆನ್ನಿನಿಂದ ಇಡೀ ವರ್ಷದ ‘ನಿರಂತರ’ ಮೌಲ್ಯಮಾಪನ ತುಂಬುವುದು ಸುಳ್ಳುಗಾರರ ಕೆಲಸ ಎನ್ನುವುದಕ್ಕಿಂತ ಸಮಯವಿಲ್ಲದವರ ಕೆಲಸ.

ಮೂರನೆಯದು, ಶಿಸ್ತನ್ನು ಗ್ರೇಡಿನಿಂದ ಬಿಡಿಸುವುದು. ತರಗತಿಯಲ್ಲಿ ಏನು ನಿರೀಕ್ಷೆ ಎಂಬುದು ಶಾಲೆಯಲ್ಲಿ ಎಲ್ಲರಿಗೂ ಒಂದೇ ಆಗಿರಬೇಕು. ಸಮಾಜ ವಿಜ್ಞಾನದ ಮೇಷ್ಟ್ರ ಪೀರಿಯಡ್‌ನಲ್ಲಿ ತಡವಾಗಿ ಬಂದರೆ ನಡೆಯುತ್ತದೆ, ಹಿಂದಿ ಮೇಡಂ ಪೀರಿಯಡ್‌ನಲ್ಲಿ ಹೊರಗೆ ನಿಲ್ಲಬೇಕು ಎಂದರೆ ಹದಿಮೂರು ವರ್ಷದ ಮಗು ಕಲಿಯುವುದು ಶಿಸ್ತಲ್ಲ, ಮುಖ ನೋಡಿ ಮಣೆ ಹಾಕುವುದು. ಆದರೆ ಆ ಶಿಸ್ತಿಗೆ ಅಂಕ ಆಯುಧವಾಗಬಾರದು. ನಾಲ್ಕು ಕೆಲಸಗಳಲ್ಲಿ ಮಗು 80, 80, 80 ಪಡೆದು, ನಾಲ್ಕನೆಯದನ್ನು ತಂದುಕೊಡದೆ ಸೊನ್ನೆ ಪಡೆದರೆ ಸರಾಸರಿ 60. ಈ 60 ಏನು ಹೇಳುತ್ತದೆ? ಆ ಮಗುವಿನ ಗಣಿತ 60 ಅಲ್ಲ, ಅದರ ಶ್ರದ್ಧೆಯೂ 60 ಅಲ್ಲ. ಎರಡು ನಿಜಗಳನ್ನು ಕಲಸಿ ಮಾಡಿದ ಒಂದು ಸುಳ್ಳು ಅದು. ತಂದುಕೊಡದ ಕೆಲಸಕ್ಕೆ ಶಿಕ್ಷೆ ಎಂದರೆ ಆ ಕೆಲಸವನ್ನು ಮಾಡಿಸುವುದೇ. ಮಧ್ಯಾಹ್ನ ಅರ್ಧ ಗಂಟೆ ಕೂರಿಸಿ ಮಾಡಿಸಿ, ವಿಷಯವನ್ನು ಮನೆಗೆ ತಿಳಿಸಿ, ಶ್ರದ್ಧೆಗೆ ಬೇರೆ ಸಾಲಿನಲ್ಲಿ ಬೇರೆ ಮಾತು ಬರೆಯಿರಿ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಹೆಡ್‌ಮಾಸ್ಟರ್ ಸ್ವತಃ ವಾರಕ್ಕೆ ಒಂದೆರಡು ಪೀರಿಯಡ್ ಹೊಸ ಪದ್ಧತಿಯಲ್ಲೇ ಪಾಠ ಮಾಡಿ, ಬೇರೆಯವರನ್ನು ಹಿಂದಿನ ಬೆಂಚಿನಲ್ಲಿ ಕೂರಲು ಕರೆಯಬೇಕು. ತನ್ನ ಪಾಠವೂ ಕೆಟ್ಟುಹೋಗುತ್ತದೆ ಎಂದು ತೋರಿಸುವ ಧೈರ್ಯವಿದ್ದವರಿಗೆ ಮಾತ್ರ ಇನ್ನೊಬ್ಬರ ತರಗತಿಗೆ ನೋಟ್‌ಬುಕ್ ಹಿಡಿದು ಹೋಗುವ ಹಕ್ಕು ಇರುತ್ತದೆ. ಇಲ್ಲದಿದ್ದರೆ ಅವರು ಕೂಡ 1862ರ ಇನ್ಸ್‌ಪೆಕ್ಟರೇ.

ಇದು ಕನಸಿನ ಮಾತಲ್ಲ ಎನ್ನುವುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. 1990ರ ದಶಕದ ನಡುವೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಕಲಿಕಾ ಪದ್ಧತಿ ನೋಡಿ ಬಂದು, ಅದನ್ನು ತಮ್ಮ ಮಕ್ಕಳಿಗೆ ಹೊಂದುವಂತೆ ಕಟ್ಟಿಕೊಂಡರು. ನಲಿಕಲಿ ಹುಟ್ಟಿದ್ದು ಹಾಗೆ. ಅದು ಚಿಕ್ಕ ತರಗತಿಗಳ ಕಥೆ, ನಿಜ. ಆದರೆ ಅಲ್ಲಿ ಅಳತೆ ಪಾಠದೊಳಗೇ ಇತ್ತು. ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ಮೇಲೆ ಎಲ್ಲರಿಗೂ, ಮಗುವಿಗೂ ಕಾಣುತ್ತಿತ್ತು, ಮುಂದಿನ ಕಾರ್ಡ್ ಯಾವುದೆಂದು ಅದೇ ಹೇಳುತ್ತಿತ್ತು. ಮುಂದೆ ಅದು ಇಡೀ ರಾಜ್ಯಕ್ಕೆ ಹರಡಿದಾಗ ಬಹುಪಾಲು ಶಿಕ್ಷಕರಿಗೆ ಕಾರ್ಡುಗಳು ಕಟ್ಟಾಗಿ ಬಂದವು. ಕಾರ್ಡು ಮಾಡಿದವರಿಗೆ ಅದರ ಹಿಂದಿನ ಪ್ರಶ್ನೆ ಗೊತ್ತಿತ್ತು, ಕಟ್ಟು ಬಿಚ್ಚಿದವರಿಗೆ ಕಾರ್ಡು ಮಾತ್ರ ಗೊತ್ತಿತ್ತು.

ಮನೆಯವರ ಪಾಲು

ಈಗ ರಾಷ್ಟ್ರೀಯ ಶಿಕ್ಷಣ ನೀತಿ 2020ರ ಬೆನ್ನಿಗೆ, ಎನ್‌ಸಿಇಆರ್‌ಟಿಯ ಒಳಗೆ 2023ರಲ್ಲಿ ಶುರುವಾದ ‘ಪರಖ್’ ಸಮಗ್ರ ಪ್ರಗತಿ ಪತ್ರವನ್ನು ಮುಂದಿಟ್ಟಿದೆ. ಮಗು ತನ್ನನ್ನು ತಾನು ಅಳೆದುಕೊಳ್ಳಬೇಕು, ಗೆಳೆಯರು ಹೇಳಬೇಕು, ತಂದೆತಾಯಿ ಬರೆಯಬೇಕು, ಶಿಕ್ಷಕರು ಎಲ್ಲವನ್ನೂ ಕೂಡಿಸಬೇಕು. ಯೋಚನೆ ಒಳ್ಳೆಯದೇ. ಸಿಸಿಇಯ ಯೋಚನೆಯೂ ಒಳ್ಳೆಯದೇ ಆಗಿತ್ತು. 200 ಮಕ್ಕಳಿಗೆ ಪುಟಗಟ್ಟಲೆ ಪತ್ರ ತುಂಬುವ ಗಂಟೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಸಿಗದಿದ್ದರೆ ಈ ಪತ್ರಗಳೂ ಮಾರ್ಚ್ ತಿಂಗಳಲ್ಲಿ ಒಂದೇ ಪೆನ್ನಿನಿಂದ ತುಂಬಿಕೊಳ್ಳುತ್ತವೆ. ಮುಂಬೈ ಪಾಲಿಕೆಯ ಕನ್ನಡ ಶಾಲೆಗಳ, ಸೊಲ್ಲಾಪುರ ಗಡಿಯ ಕನ್ನಡ ಶಾಲೆಗಳ ಶಿಕ್ಷಕರಿಗಂತೂ ಇನ್ನೊಂದು ಕೆಲಸ ಜಾಸ್ತಿ. ಬಾಲಭಾರತಿಯ ಪಠ್ಯಪುಸ್ತಕ ಕನ್ನಡದಲ್ಲಿದೆ, ಆಡಳಿತದ ಭಾಷೆ ಮರಾಠಿ. ‘ಆಕಾರಿಕ’ವನ್ನು ‘ರೂಪಣಾತ್ಮಕ’ ಮಾಡಿಕೊಂಡು, ಅದನ್ನು ಮಗುವಿಗೆ ತಿಳಿಯುವ ಕನ್ನಡಕ್ಕೆ ತರುವುದು ಅವರ ಪಾಲಿಗೇ ಬಿದ್ದ ಹೊರೆ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಮಗುವನ್ನು ಖಾಸಗಿ ಶಾಲೆಗೆ ಕಳಿಸುವ ತಂದೆತಾಯಿಗೆ ಇದು ಸರ್ಕಾರಿ ಶಾಲೆಯ ರಗಳೆ ಎನಿಸಬಹುದು. ಶಾಲೆಯ ಆ್ಯಪ್ ತೆರೆದು ನೋಡಲಿ. ಅಲ್ಲಿ ಬಣ್ಣಬಣ್ಣದ ಪಟ್ಟಿಗಳಿರುತ್ತವೆ, ಪಟ್ಟಿಯ ಹಿಂದಿನ ಮಗು ಅಲ್ಲಿಯೂ ಕಾಣುವುದಿಲ್ಲ. ಪೋಷಕರ ಸಭೆಯಲ್ಲಿ ಸರದಿ ಬಂದಾಗ ‘ಯಾಕೆ ಎರಡು ಮಾರ್ಕ್ಸ್ ಕಮ್ಮಿ?’ ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಗೂ ಶಿಕ್ಷಕರ ಹತ್ತಿರ ಸಿದ್ಧ ಉತ್ತರವಿದೆ: ಇನ್ನೂ ಸ್ವಲ್ಪ ಪ್ರ್ಯಾಕ್ಟೀಸ್ ಬೇಕು. ಅದರ ಬದಲು ‘ಅವಳು ಯಾವ ಜಾಗದಲ್ಲಿ ಎಡವುತ್ತಿದ್ದಾಳೆ, ಅದಕ್ಕೆ ನೀವೇನು ಮಾಡುತ್ತಿದ್ದೀರಿ, ಮನೆಯಲ್ಲಿ ನಾವೇನು ಮಾಡೋಣ?’ ಎಂದು ಹತ್ತು ತಂದೆತಾಯಿ ಕೇಳಿದರೆ, ಮುಂದಿನ ಸಭೆಯ ಹೊತ್ತಿಗೆ ಶಿಕ್ಷಕರು ಬೇರೆ ಟಿಪ್ಪಣಿ ಮಾಡಿಕೊಂಡು ಬಂದಿರುತ್ತಾರೆ. ಉತ್ತರದಾಯಿತ್ವ ಅಲ್ಲಿಂದಲೂ ಶುರುವಾಗಬಹುದು.

ಏಳನೇ ತರಗತಿಯ ಆ ಹುಡುಗಿ ಮುಂದಿನ ವರ್ಷ ಎಂಟಕ್ಕೆ ಬರುತ್ತಾಳೆ. ಅವಳ ರಾಜ್ಯ ಯಾವುದು ಎಂಬುದರ ಮೇಲೆ ಅವಳು ಫೇಲಾಗಬಹುದು, ಆಗದಿರಬಹುದು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವುದು ಎರಡೂ ಕಡೆ ಅವಳಿಗೆ ಬರುವುದಿಲ್ಲ, ಯಾರೂ ಪಕ್ಕದಲ್ಲಿ ಕೂರದಿದ್ದರೆ. ಅವಳ ಟೀಚರನ್ನು ಕರೆಸಿ ಉತ್ತರ ಕೇಳುವುದು ನ್ಯಾಯವೇ. ಕೇಳುವ ಮೊದಲು ಆ ಹತ್ತು ನಿಮಿಷವನ್ನು ಅವರಿಗೆ ಕೊಟ್ಟಿದ್ದೇವೆಯೇ ಎಂದು ನೋಡಿಕೊಳ್ಳಬೇಕು.